ಕಫನಿಗೆ ಮೊದಲು ಒಂದು ಹಾಸಿಗೆ
ಸೂರಿಲ್ಲದ ವೃದ್ಧರ ಕೊನೆಯ ದಿನಗಳು ಮತ್ತು ನಮ್ಮ ಹೊಣೆ



ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಆಗಾಗ ಬರುತ್ತಿರುತ್ತದೆ. ನೀವೂ ನೋಡಿರುತ್ತೀರಿ. 'ಅಪರಿಚಿತ ವೃದ್ಧೆಯ ಶವ ಪತ್ತೆ' ಎಂಬ ಶೀರ್ಷಿಕೆ, ಅದರ ಕೆಳಗೆ ನಾಲ್ಕೇ ಸಾಲು. ವಯಸ್ಸು ಸುಮಾರು ಅರವತ್ತೈದು, ಗೋಧಿ ಮೈಬಣ್ಣ, ಮೈಮೇಲೆ ಹಸಿರು ಸೀರೆ, ಬಲಗೈಯಲ್ಲಿ ಹಚ್ಚೆ. ವಾರಸುದಾರರಿದ್ದರೆ ಠಾಣೆಯನ್ನು ಸಂಪರ್ಕಿಸಬೇಕೆಂದು ಕೋರಿಕೆ. ನಾವು ಓದುತ್ತೇವೆ, ಒಂದು ನಿಟ್ಟುಸಿರು ಬಿಡುತ್ತೇವೆ, ಪುಟ ಮಗುಚುತ್ತೇವೆ.

ಆ ತಾಯಿ ಬದುಕಿದ್ದಾಗ ಆಕೆಯ ಸೀರೆಯ ಬಣ್ಣವನ್ನಾಗಲಿ, ಕೈಯ ಹಚ್ಚೆಯನ್ನಾಗಲಿ ಯಾರೂ ಇಷ್ಟು ಗಮನವಿಟ್ಟು ನೋಡಿರಲಿಕ್ಕಿಲ್ಲ. ಸತ್ತ ಮೇಲೆ ಎಲ್ಲವನ್ನೂ ಬರೆದುಕೊಳ್ಳಲಾಯಿತು. ಬರೆದುಕೊಳ್ಳಲಾಗದೆ ಉಳಿದದ್ದು ಹೆಸರು ಮಾತ್ರ. ಅದನ್ನು ಕೇಳುವ ಕಾಲ ಮುಗಿದುಹೋಗಿತ್ತು.

ನಮ್ಮ ಸಮುದಾಯದಲ್ಲಿ ಒಂದು ಒಳ್ಳೆಯ ರೂಢಿಯಿದೆ. ದಿಕ್ಕಿಲ್ಲದ ಮಯ್ಯಿತ್ ಒಂದಿದೆ ಎಂದು ಗೊತ್ತಾದರೆ ಸಾಕು, ಮೊಹಲ್ಲಾದ ಯುವಕರು ಓಡಿ ಬರುತ್ತಾರೆ. ಗುಸುಲ್‌ಗೆ ಒಬ್ಬರು, ಕಫನ್ ತರಲು ಒಬ್ಬರು, ಕಬರು ತೋಡಲು ನಾಲ್ವರು. ನೋಡನೋಡುತ್ತಿದ್ದಂತೆ ಜನಾಝಾ ಹೊರಡುತ್ತದೆ. ಉತ್ತರ ಪ್ರದೇಶದ ಫೈಝಾಬಾದಿನ ಮುಹಮ್ಮದ್ ಶರೀಫ್ ಎಂಬ ಸೈಕಲ್ ರಿಪೇರಿಗಾರರ ಕಥೆ ನಿಮಗೆ ಗೊತ್ತಿರಬಹುದು. 1992ರಲ್ಲಿ ಅವರ ಮಗ ಕೊಲೆಯಾಗಿ, ಶವ ಅನಾಥವಾಗಿ ಬಿದ್ದಿತ್ತು. ಅಂದಿನಿಂದ ಅವರು ಜಾತಿ ಧರ್ಮ ನೋಡದೆ ಸಾವಿರಾರು ಅನಾಥ ಶವಗಳಿಗೆ ಅಂತ್ಯಸಂಸ್ಕಾರ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕೋವಿಡ್ ಕಾಲದಲ್ಲಿ ಹೆತ್ತ ಮಕ್ಕಳೇ ಮುಟ್ಟಲು ಹೆದರಿದ ಶವಗಳನ್ನು ನಮ್ಮ ರಾಜ್ಯದಲ್ಲಿಯೂ ಅನೇಕ ಸ್ವಯಂಸೇವಕರು ಹೆಗಲ ಮೇಲೆ ಹೊತ್ತರು.

ಇದೆಲ್ಲ ಸಾವಿನ ನಂತರದ ಮಾತಾಯಿತು. ಸಾವಿಗೆ ಮುಂಚಿನ ಎರಡು ಮೂರು ತಿಂಗಳು ಆ ಜೀವಕ್ಕೆ ಯಾರಿದ್ದರು? ಹುಣ್ಣು ಕೊಳೆಯುವಾಗ, ನೋವಿನಿಂದ ರಾತ್ರಿಯಿಡೀ ನರಳುವಾಗ, ಬಾಯಾರಿದಾಗ ಯಾರು ಬಂದರು? ಈ ಲೇಖನದಲ್ಲಿ ನಾನು ನಿಮ್ಮ ಮುಂದಿಡಬಯಸುವ ಪ್ರಶ್ನೆ ಇದೊಂದೇ.

ಚೀಲದಲ್ಲಿ ಉಳಿದ ರೊಟ್ಟಿ

ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಆಕೆ ನನ್ನ ಕಲ್ಪನೆಯವಳೇ. ಆದರೆ ಯಾದಗಿರಿಯ ರೈಲು ನಿಲ್ದಾಣದಲ್ಲೋ ಶಹಾಪುರದ ಬಸ್ ನಿಲ್ದಾಣದಲ್ಲೋ ಅಂಥವರನ್ನು ನೀವು ಕಂಡೇ ಇರುತ್ತೀರಿ.

ಗಂಡ ತೀರಿಕೊಂಡು ಹತ್ತು ವರ್ಷವಾಯಿತು. ಮಗ ಸೊಸೆ ಗುಳೆ ಹೋದವರು ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಅದೂ ನಿಂತಿತು. ಗುಡಿಸಲು ಒಂದು ಮಳೆಗಾಲದಲ್ಲಿ ಬಿತ್ತು. ಕೆಲವು ದಿನ ಗೋಗಿಯ ದರ್ಗಾದ ಅಂಗಳ, ಕೆಲವು ದಿನ ತಿಂಥಣಿಯ ಜಾತ್ರೆ, ಕೊನೆಗೆ ಊರಿನ ಬಸ್ ನಿಲ್ದಾಣದ ಮೂಲೆ. ಎಲೆ ಅಡಿಕೆ ತಂಬಾಕು ಆಕೆಯ ಬಹು ದಿನದ ಸಂಗಾತಿ. ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. ಬಿಸಿಲಿಗಾಗಿರಬೇಕು ಎಂದುಕೊಂಡಳು. ಅದು ಮಾಯಲಿಲ್ಲ.

ಜನ ಕೈಬಿಡಲಿಲ್ಲ. ಅವರಿವರು ರೊಟ್ಟಿ ಕೊಟ್ಟರು. ನಮ್ಮ ಕಡೆಯ ಖಡಕ್ ಜೋಳದ ರೊಟ್ಟಿ. ಆಕೆ ಬೇಡವೆನ್ನದೆ ತೆಗೆದುಕೊಂಡು ಚೀಲದಲ್ಲಿ ಹಾಕಿಕೊಳ್ಳುತ್ತಿದ್ದಳು. 'ಮುದುಕಿ ತಿನ್ನೋದಿಲ್ಲ, ಕೂಡಿಡ್ತಾಳೆ' ಎಂದು ಕೊಟ್ಟವರು ಬೇಸರಪಟ್ಟರು. ಆಕೆಗೆ ಬಾಯಿ ತೆರೆಯಲು ಆಗುತ್ತಿಲ್ಲ, ಅಗಿಯಲು ಆಗುತ್ತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ದಾನ ದಿನವೂ ನಡೆಯುತ್ತಿತ್ತು, ಆಕೆ ದಿನವೂ ಹಸಿದಿರುತ್ತಿದ್ದಳು.

ಆ ರೊಟ್ಟಿಯ ಬದಲು ಒಂದು ಲೋಟ ತೆಳು ಗಂಜಿ, ನೋವಿಗೆ ಒಂದು ಮಾತ್ರೆ, ಹುಣ್ಣಿನ ವಾಸನೆ ತಡೆಯಲು ಒಂದಿಷ್ಟು ಔಷಧಿ, ಮಲಗಲು ಒಂದು ಹಾಸಿಗೆ, ಹತ್ತಿರ ಕುಳಿತು 'ಅಮ್ಮಾ, ನಿಮ್ಮ ಹೆಸರೇನು?' ಎಂದು ಕೇಳುವ ಒಬ್ಬರು ಸಿಕ್ಕಿದ್ದರೆ? ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. ಪಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ.

ನಮ್ಮ ಜಿಲ್ಲೆಯ ಸ್ಥಿತಿ

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು ಮಾತ್ರ, ಇಡೀ ರಾಜ್ಯದಲ್ಲೇ ಕನಿಷ್ಠ. ಕೃಷ್ಣೆ, ಭೀಮೆಯರು ಹರಿಯುವ ನಾಡಿದು. ಕಾಲುವೆ ನೀರು ಕಂಡ ಹೊಲಗಳಲ್ಲಿ ಭತ್ತ, ಮೆಣಸಿನಕಾಯಿ ಬೆಳೆಯುತ್ತದೆ. ನೀರು ಕಾಣದ ಊರುಗಳಿಂದ, ತಾಂಡಾಗಳಿಂದ ಜನ ಬೆಂಗಳೂರು, ಮುಂಬೈ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವವರು ಮುದುಕರು.

ಇದರ ಜೊತೆಗೆ ಯಾದಗಿರಿ ನಿಲ್ದಾಣ ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿದೆ. ಇಂತಹ ನಿಲ್ದಾಣಗಳಲ್ಲಿ ನಮ್ಮ ಭಾಷೆಯೇ ತಿಳಿಯದ, ಯಾವುದೋ ರಾಜ್ಯದಿಂದ ಬಂದ ವೃದ್ಧರು ಇಳಿದುಬಿಡುತ್ತಾರೆ. ಕೆಲವರು ಮರೆವಿನ ಕಾಯಿಲೆಯವರು. ಊರಿನ ಹೆಸರು ಕೇಳಿದರೆ ಸುಮ್ಮನೆ ನಗುತ್ತಾರೆ. ಇನ್ನು ಕೆಲವರು ಮನೆಯವರೇ ರೈಲು ಹತ್ತಿಸಿ ಕಳುಹಿಸಿದವರು.

2011ರ ಜನಗಣತಿ ದೇಶದಲ್ಲಿ ಸೂರಿಲ್ಲದವರ ಸಂಖ್ಯೆಯನ್ನು ಸುಮಾರು 17.7 ಲಕ್ಷ ಎಂದು ಲೆಕ್ಕ ಹಾಕಿತ್ತು. ಒಂದು ರಾತ್ರಿ ಬೀದಿಯಲ್ಲಿ ಮಲಗಿದ್ದವರನ್ನು ಎಣಿಸಿ ಪಡೆದ ಲೆಕ್ಕವದು. ಗುಡಿಯ ಜಗಲಿ, ದರ್ಗಾದ ಅಂಗಳ, ಮುಚ್ಚಿದ ಅಂಗಡಿಯ ಕಟ್ಟೆಗಳನ್ನು ನೆನೆದರೆ ಎಣಿಕೆಗೆ ಸಿಗದವರು ಇನ್ನೆಷ್ಟೋ.

ಉಪಶಮನ ಆರೈಕೆ ಎಂದರೇನು?

'ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ.' ಈ ಮಾತನ್ನು ಆಸ್ಪತ್ರೆಯಲ್ಲಿ ಕೇಳಿದವರು ನಮ್ಮಲ್ಲಿ ಅನೇಕರಿದ್ದೇವೆ. ಗುಣಪಡಿಸಲು ಏನೂ ಉಳಿದಿಲ್ಲದಿರಬಹುದು. ಆದರೆ ನೋವು, ವಾಂತಿ, ಉಬ್ಬಸ, ನಿದ್ರಾಹೀನತೆ, ಹಾಸಿಗೆ ಹುಣ್ಣು, ಸಾವಿನ ಭಯ ಇವುಗಳನ್ನು ಕಡಿಮೆ ಮಾಡಲು ಬಹಳಷ್ಟು ಉಳಿದಿರುತ್ತದೆ. ಅದನ್ನೆಲ್ಲ ಶಾಸ್ತ್ರೀಯವಾಗಿ ಮಾಡುವುದೇ ಉಪಶಮನ ಆರೈಕೆ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಈ ಶಾಖೆಗೆ ಬುನಾದಿ ಹಾಕಿದವರು. ಅವರು ಮೊದಲು ನರ್ಸ್ ಆಗಿದ್ದರು, ನಂತರ ವೈದ್ಯೆಯಾದರು. ನೋವು ಕೇವಲ ದೇಹದ್ದಲ್ಲ, ಮನಸ್ಸು, ಸಂಬಂಧ, ಆತ್ಮ ಎಲ್ಲಕ್ಕೂ ನೋವಿದೆ, ಎಲ್ಲವನ್ನೂ ಒಟ್ಟಿಗೇ ನೋಡಬೇಕು ಎಂಬುದು ಅವರ ವಾದವಾಗಿತ್ತು. ಬೀದಿಯಲ್ಲಿ ಸಾಯುತ್ತಿರುವ ವೃದ್ಧರನ್ನು ನೋಡಿದರೆ ಆ ಮಾತಿನ ಅರ್ಥ ತಿಳಿಯುತ್ತದೆ. ಅವರಿಗೆ ಕೆನ್ನೆಯ ಹುಣ್ಣೂ ನೋವು, ಮಗ ಬಾರದಿರುವುದೂ ನೋವು.

ಭಾರತದಲ್ಲಿ ಮೊದಲ ಹಾಸ್ಪಿಸ್ 1986ರಲ್ಲಿ ಮುಂಬೈಯಲ್ಲಿ ತೆರೆಯಿತು. ನಮ್ಮ ರಾಜ್ಯದಲ್ಲಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪನೆಯಾಗಿ, 1999ರಿಂದ 'ಕರುಣಾಶ್ರಯ' ಎಂಬ ಕೇಂದ್ರದಲ್ಲಿ ಉಲ್ಬಣಿಸಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳಲಾಗುತ್ತಿದೆ. ಆದರೆ ಸುರಪುರದ ಬಸ್ ನಿಲ್ದಾಣದಲ್ಲಿ ಮಲಗಿದವರಿಗೆ ಬೆಂಗಳೂರು ಬೇರೊಂದು ದೇಶದಷ್ಟು ದೂರ. ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರವಿದೆ ನಿಜ. ಅಲ್ಲಿಗೂ ಕರೆದೊಯ್ಯಲು ಒಬ್ಬರು ಜೊತೆಗೆ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಈ ಆರೈಕೆ ಅಗತ್ಯವಿರುವವರಲ್ಲಿ ಶೇಕಡಾ 14ರಷ್ಟು ಮಂದಿಗೆ ಮಾತ್ರ ಅದು ದೊರೆಯುತ್ತಿದೆ. ಮನೆ, ಮಕ್ಕಳು, ಹಣ ಇರುವವರನ್ನೂ ಸೇರಿಸಿದ ಲೆಕ್ಕವಿದು. ಸೂರಿಲ್ಲದವರ ಪಾಲು ಎಷ್ಟಿರಬಹುದೆಂದು ನೀವೇ ಊಹಿಸಿ.

ನಮ್ಮದೇ ಹೊಲದ ಮದ್ದು

ಕ್ಯಾನ್ಸರಿನ ತೀವ್ರ ನೋವಿಗೆ ಬೇಕಾದ ಮಾರ್ಫಿನ್ ಮಾತ್ರೆ ದುಬಾರಿಯೇನಲ್ಲ. ಅದನ್ನು ಅಫೀಮಿನಿಂದ ತೆಗೆಯುತ್ತಾರೆ. ಆ ಅಫೀಮನ್ನು ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಬೆಳೆಯುತ್ತಾರೆ. ಹಾಗಿದ್ದೂ ನಮ್ಮ ರೋಗಿಗಳಿಗೆ ಅದು ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯಿದೆಯ ಕಠಿಣ ನಿಯಮಗಳಿಂದಾಗಿ, ಕೇಸಿಗೆ ಹೆದರಿ ಬಹುತೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ದಾರಿ ಸುಲಭ ಮಾಡಿತು. ಹಲವು ಪರವಾನಗಿಗಳ ಬದಲು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅದನ್ನು ಇಟ್ಟುಕೊಂಡು ರೋಗಿಗೆ ಕೊಡಬಹುದು.

'ಮಾರ್ಫಿನ್ ಕೊಟ್ಟರೆ ಚಟವಾಗುತ್ತದೆ, ಬೇಗ ಸಾಯುತ್ತಾರೆ' ಎಂಬ ಭಯ ನಮ್ಮ ಮನೆಗಳಲ್ಲಿದೆ. ತರಬೇತಿ ಪಡೆದ ವೈದ್ಯರು ಅಳತೆ ನೋಡಿ ಕೊಟ್ಟಾಗ ಇದು ಸುರಕ್ಷಿತ ಔಷಧಿ. ಅದರಿಂದ ಮಲಬದ್ಧತೆ ಆಗುತ್ತದೆ, ಆದ್ದರಿಂದ ಜೊತೆಗೆ ಅದಕ್ಕೂ ಮದ್ದು ಕೊಡುತ್ತಾರೆ. ಅಷ್ಟೇ. ನೋವು ಇಳಿದರೆ ರೋಗಿ ನಿದ್ರಿಸುತ್ತಾನೆ, ಮಾತಾಡುತ್ತಾನೆ, ನಮಾಝೋ ಪ್ರಾರ್ಥನೆಯೋ ತನಗೆ ಬೇಕಾದುದನ್ನು ನೆನೆಯುತ್ತಾನೆ.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಬೀದಿಯಲ್ಲಿ ಸಾಯುವವರಿಗೆಂದೇ ನಮ್ಮ ದೇಶದಲ್ಲಿ ಹೆಸರುವಾಸಿಯಾದ ಮನೆ ಮದರ್ ತೆರೇಸಾ 1952ರಲ್ಲಿ ಕೋಲ್ಕತ್ತದ ಕಾಳಿಘಾಟ್‌ನಲ್ಲಿ ತೆರೆದ 'ನಿರ್ಮಲ ಹೃದಯ'. ಚರಂಡಿಯ ಬದಿಯಿಂದ ಎತ್ತಿ ತಂದವರಿಗೆ ಅಲ್ಲಿ ಹಾಸಿಗೆ ಸಿಕ್ಕಿತು, ಪ್ರೀತಿ ಸಿಕ್ಕಿತು. 1994ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್, ಆ ಪ್ರೀತಿಯನ್ನು ಮೆಚ್ಚಿದರು. ಆದರೆ ತೀವ್ರ ನೋವಿಗೆ ಬಲವಾದ ಔಷಧಿ ಅಲ್ಲಿಲ್ಲ ಎಂದೂ ಬರೆದರು. ಪ್ರೀತಿಯಿಂದ ಕೈ ಹಿಡಿಯುವುದು ಬೇಕೇ ಬೇಕು. ಕೈ ಹಿಡಿದುಕೊಂಡೇ ಒಬ್ಬರು ನೋವಿನಿಂದ ಕಿರುಚುತ್ತಿದ್ದರೆ ನಮ್ಮ ಕೆಲಸ ಇನ್ನೂ ಮುಗಿದಿಲ್ಲ.

ಮನೆಯೇ ಇಲ್ಲದವರ ಮನೆ ಆರೈಕೆ

ಇಂದು ಉಪಶಮನ ಆರೈಕೆ ಹೆಚ್ಚಾಗಿ ರೋಗಿಯ ಮನೆಯಲ್ಲೇ ನಡೆಯುತ್ತದೆ. ನರ್ಸ್ ಬಂದು ಹೋಗುತ್ತಾರೆ. ಉಳಿದ ಹೊತ್ತು ಮಗಳೋ ಸೊಸೆಯೋ ನೋಡಿಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಆರೋಗ್ಯ ತಪಾಸಣಾ ಯೋಜನೆಯ ಹೆಸರೂ 'ಗೃಹ ಆರೋಗ್ಯ'. ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೆ ಬರುತ್ತಾರೆ. ಬಾಗಿಲೇ ಇಲ್ಲದವರ ಬಳಿಗೆ ಹೇಗೆ ಬರಬೇಕು?

ಕೆನಡಾದ ಟೊರಾಂಟೊದಲ್ಲಿ 2014ರಲ್ಲಿ ಡಾ. ನಹೀದ್ ದೋಸಾನಿ ಎಂಬ ವೈದ್ಯರು ಇದಕ್ಕೊಂದು ದಾರಿ ಹುಡುಕಿದರು. ಅವರ ತಂಡ ರೋಗಿ ಎಲ್ಲಿದ್ದಾನೋ ಅಲ್ಲಿಗೇ, ಅಂದರೆ ಬೀದಿಗೆ, ಆಶ್ರಯ ಕೇಂದ್ರಕ್ಕೆ ಔಷಧಿಯ ಚೀಲ ಹಿಡಿದು ಹೋಗುತ್ತದೆ. ಅದೇ ದೇಶದ ಒಟ್ಟಾವಾ ನಗರದಲ್ಲಿ 2001ರಿಂದ ನಿರಾಶ್ರಿತರ ಆಶ್ರಯ ಕೇಂದ್ರದೊಳಗೇ ಕೆಲವು ಹಾಸಿಗೆಗಳನ್ನು ಸಾವಿನಂಚಿನವರಿಗೆಂದು ಮೀಸಲಿಟ್ಟಿದ್ದಾರೆ. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ. ಇದ್ದ ಜಾಗದಲ್ಲೇ ಹಾಸಿಗೆ ಹಾಕಿ, ಇದ್ದವರಿಗೇ ಕಲಿಸಿದರು.

ನಮ್ಮ ರಾಜ್ಯದಲ್ಲಿಯೂ ಇಂತಹ ಮನಸ್ಸುಗಳಿವೆ. ಬೆಂಗಳೂರಿನಲ್ಲಿ 'ಆಟೋ ರಾಜಾ' ಎಂದೇ ಹೆಸರಾದ ಟಿ. ರಾಜಾ ಅವರು ಆಟೋ ಓಡಿಸುತ್ತಿದ್ದವರು. ಬೀದಿಯಲ್ಲಿ ಹುಳುಬಿದ್ದ ಗಾಯಗಳೊಂದಿಗೆ ಬಿದ್ದಿದ್ದವರನ್ನು 1997ರಿಂದ ತಂದು ತೊಳೆದು ಉಪಚರಿಸತೊಡಗಿದರು. ಗಡಿಯಾಚೆ ಕೇರಳದ ಮಂಜೇಶ್ವರದಲ್ಲಿರುವ 'ಸ್ನೇಹಾಲಯ' 2009ರಿಂದ ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರಿಗೆ ಆಶ್ರಯ ನೀಡುತ್ತಿದೆ. ಎರಡೂ ಸರಕಾರದ ಆದೇಶದಿಂದ ಹುಟ್ಟಿದವಲ್ಲ, ದಾರಿಯಲ್ಲಿ ಕಂಡದ್ದನ್ನು ದಾಟಿ ಹೋಗಲಾರದವರಿಂದ ಹುಟ್ಟಿದವು.

ಕಾನೂನು ಏನು ಹೇಳುತ್ತದೆ?

ಕಾಗದದ ಮೇಲೆ ನಮ್ಮ ವೃದ್ಧರಿಗೆ ಸಾಕಷ್ಟು ಹಕ್ಕುಗಳಿವೆ. 2007ರ ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯಂತೆ, ನೋಡಿಕೊಳ್ಳಬೇಕಾದವರು ಹಿರಿಯರನ್ನು ಬೀದಿಪಾಲು ಮಾಡಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ದಂಡವಿದೆ. ಪ್ರತಿ ಜಿಲ್ಲೆಯಲ್ಲೂ 150 ಮಂದಿ ಬಡ ವೃದ್ಧರಿಗೆ ಒಂದು ವೃದ್ಧಾಶ್ರಮದ ಮಾತೂ ಅದರಲ್ಲಿದೆ. ಆದರೆ ಸರಕಾರ ಅದನ್ನು ಸ್ಥಾಪಿಸಬಹುದು ಎಂದಿದೆಯೇ ಹೊರತು ಸ್ಥಾಪಿಸಲೇಬೇಕು ಎಂದಿಲ್ಲ. ಒಂದು ಪದದ ವ್ಯತ್ಯಾಸ ನೋಡಿ.

ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲೂ ರಾತ್ರಿ ತೆರೆದಿರುವ ಆಶ್ರಯ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಒಳ್ಳೆಯದೇ. ಆದರೆ 2011ರಲ್ಲಿ ಯಾದಗಿರಿ ಪಟ್ಟಣದ ಜನಸಂಖ್ಯೆ 74 ಸಾವಿರದಷ್ಟು. ಶಹಾಪುರ, ಸುರಪುರ ಅದಕ್ಕಿಂತಲೂ ಸಣ್ಣವು. ಲಕ್ಷದ ಲೆಕ್ಕ ಹಿಡಿದು ಕುಳಿತರೆ ಸಣ್ಣ ಊರಿನ ಮುದುಕರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ.

ಇನ್ನೊಂದು ಕಾನೂನು ನಮಗೆ ತಿಳಿಯದೆಯೇ ನಮ್ಮ ಮನೆಯೊಳಗಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ಆಸ್ತಿ ತೆರಿಗೆಯೊಂದಿಗೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ನಾವು ಕಟ್ಟುತ್ತೇವೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಆ ಹಣ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆಂದು ಇರುವುದು. ಆದರೆ ಬೀದಿಯ ಮುದುಕರಿಗೆ ಆ ಕೇಂದ್ರವೆಂದರೆ ಭಯ. ಹಿಡಿದು ವ್ಯಾನಿಗೆ ಹಾಕುತ್ತಾರೆ ಎಂದು ಅಡಗಿಕೊಳ್ಳುತ್ತಾರೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವಾರು ಮಂದಿ ಮೃತಪಟ್ಟಾಗ ಇಡೀ ರಾಜ್ಯ ಬೆಚ್ಚಿಬಿದ್ದಿತ್ತು. ಆ ಭಯಕ್ಕೆ ಕಾರಣವಿಲ್ಲದಿಲ್ಲ.

ಇನ್ನು ಪಿಂಚಣಿ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. 65 ದಾಟಿದ ಬಡವರಿಗೆ ಕೊಡುವ ಮೊತ್ತ 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ಅದಕ್ಕೆ ಆಧಾರ್, ವಿಳಾಸ, ಬ್ಯಾಂಕ್ ಖಾತೆ ಬೇಕು. ಮನೆ ಇಲ್ಲದವರು ವಿಳಾಸದ ಜಾಗದಲ್ಲಿ ಏನು ಬರೆಸಬೇಕು?

ಮಲಪ್ಪುರಂನ ನೆರೆಹೊರೆ ಕಲಿಸಿದ್ದು

ಹಾಗಾದರೆ ಸಣ್ಣ ಊರಿನವರು ಏನೂ ಮಾಡಲಾಗದೆ? ನೆರೆಯ ಕೇರಳವನ್ನು ನೋಡೋಣ. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ನೋವು ನಿವಾರಣಾ ಚಿಕಿತ್ಸಾಲಯ ಆರಂಭಿಸಿದರು. ದೂರದಿಂದ ಬರಲಾಗದ ರೋಗಿಗಳನ್ನು ಕಂಡು, ಆರೈಕೆಯನ್ನೇ ಊರೂರಿಗೆ ಒಯ್ಯಬೇಕೆಂಬ ಯೋಚನೆ ಹುಟ್ಟಿತು. ಮಲಪ್ಪುರಂ ಜಿಲ್ಲೆಯಲ್ಲಿ ಅದು ಬೇರುಬಿಟ್ಟಿತು. ಗೃಹಿಣಿಯರು, ವಿದ್ಯಾರ್ಥಿಗಳು, ಆಟೋ ಚಾಲಕರು, ಅಂಗಡಿಯವರು ಮುಂದೆ ಬಂದರು. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಲು ಸಿದ್ಧರಿರುವವರಿಗೆ 16 ಗಂಟೆಗಳ ಪಾಠ, ನಾಲ್ಕು ದಿನ ರೋಗಿಗಳ ಬಳಿ ಅಭ್ಯಾಸ. ಖರ್ಚಿಗೆ ಊರಿನವರದೇ ಚಿಲ್ಲರೆ ಕಾಸು. 2008ರಲ್ಲಿ ಕೇರಳ ಸರಕಾರ ಉಪಶಮನ ಆರೈಕೆಗೆಂದೇ ನೀತಿ ರೂಪಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಜನ ಮೊದಲು ನಡೆದರು, ಸರಕಾರ ಹಿಂದೆ ಬಂತು.

ಸಹೋದರಿಯರೇ, ಈ ಕೆಲಸದಲ್ಲಿ ನೀವಿಲ್ಲದೆ ಆಗದ ಒಂದು ಭಾಗವಿದೆ. ಬೀದಿಯಲ್ಲಿ ಮಲಗಿದ ಒಬ್ಬ ಅಜ್ಜಿಯ ಒದ್ದೆಯಾದ ಬಟ್ಟೆಯನ್ನು ಬದಲಿಸಲು, ಬೆನ್ನಿನ ಹುಣ್ಣನ್ನು ತೊಳೆಯಲು ಯುವಕರ ಸಂಘ ಬರಲಾಗದು. ನಮ್ಮಲ್ಲಿ ಬಹುತೇಕರು ಅತ್ತೆಯನ್ನೋ ತಾಯಿಯನ್ನೋ ಹಾಸಿಗೆಯಲ್ಲಿ ನೋಡಿಕೊಂಡವರು. ಆ ಅನುಭವಕ್ಕೆ ಯಾವ ಸರ್ಟಿಫಿಕೇಟೂ ಸಿಕ್ಕಿಲ್ಲ. ಆದರೆ ನಮ್ಮ ಊರುಗಳಲ್ಲಿರುವ ದೊಡ್ಡ ಆಸ್ತಿ ಅದೇ.

ಮೂರು ಊರುಗಳಲ್ಲಿ ಏನು ಮಾಡಬಹುದು?

ಮೊದಲನೆಯದು, ಹತ್ತು ಮಂದಿ ಮಹಿಳೆಯರ ಒಂದು ಗುಂಪು. ವಾರಕ್ಕೆ ಎರಡು ಗಂಟೆ. ಧರ್ಮದ ಭೇದವಿಲ್ಲದೆ ನೆರೆಯ ಸಹೋದರಿಯರನ್ನೂ, ಆಶಾ ಕಾರ್ಯಕರ್ತೆಯರನ್ನೂ, ನಿವೃತ್ತ ನರ್ಸ್ ಒಬ್ಬರನ್ನೂ ಸೇರಿಸಿಕೊಳ್ಳಿ.

ಎರಡನೆಯದು, ಜಿಲ್ಲಾಸ್ಪತ್ರೆಗೂ ಶಹಾಪುರ, ಸುರಪುರಗಳ ತಾಲೂಕು ಆಸ್ಪತ್ರೆಗಳಿಗೂ ಒಂದು ಮನವಿ. ವಾರಕ್ಕೊಂದು ದಿನ ಉಪಶಮನ ಆರೈಕೆಯ ಹೊರರೋಗಿ ವಿಭಾಗ ಇದೆಯೇ, ಮಾರ್ಫಿನ್ ದಾಸ್ತಾನು ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಬೇಕೆಂದು ಬರೆದುಕೊಡಿ. ಕೇಂದ್ರ ಸರಕಾರದ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ ರೂಪುಗೊಂಡದ್ದು 2012ರಲ್ಲಿ. ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. 2019ರ ನಂತರದ ಎಂಬಿಬಿಎಸ್ ಪಠ್ಯದಲ್ಲಿ ಈ ವಿಷಯ ಸೇರಿದೆ. ಕೇಳುವವರಿದ್ದರೆ ಕೊಡುವ ದಾರಿಗಳಿವೆ.

ಮೂರನೆಯದು, ನಗರಸಭೆಯ ಮುಂದೆ ಒಂದು ಬೇಡಿಕೆ. ಆಶ್ರಯ ಕೇಂದ್ರದಲ್ಲಿ ಕಾಯಿಲೆಯವರಿಗೆಂದು ಎರಡು ಮಂಚ, ಹೆಂಗಸರಿಗೆ ಪ್ರತ್ಯೇಕ ಕೋಣೆ, ಬೆಳಿಗ್ಗೆ ಎದ್ದು ಹೋಗಿ ಎನ್ನದ ನಿಯಮ. ತೆರಿಗೆ ರಸೀದಿ ಕೈಯಲ್ಲಿ ಹಿಡಿದುಕೊಂಡೇ ಕೇಳಿ.

ನಾಲ್ಕನೆಯದು, ಒಪ್ಪಿಗೆ. ಯಾರನ್ನೂ ಎಳೆದುಕೊಂಡು ಹೋಗಬೇಡಿ. ಅವರಿಗೆ ತಮ್ಮ ಗಂಟಿನ ಚಿಂತೆ ಇರುತ್ತದೆ, ಪಕ್ಕದಲ್ಲಿ ಮಲಗುವ ಜೊತೆಗಾರರಿರುತ್ತಾರೆ, ಕೂಡಿ ಹಾಕುತ್ತಾರೆಂಬ ಭಯವಿರುತ್ತದೆ. ನಾಲ್ಕು ದಿನ ಹೋಗಿ ಮಾತಾಡಿ, ಐದನೆಯ ದಿನ ಅವರೇ ಗಾಯ ತೋರಿಸುತ್ತಾರೆ. ಪರಿಸ್ಥಿತಿ ಗಂಭೀರವಿದ್ದರೆ 108ಕ್ಕೆ ಕರೆ ಮಾಡಿ. ಹಿರಿಯರ ಸಹಾಯವಾಣಿ 14567 ಇದೆ. ಮನಸ್ಸಿನ ಸ್ಥಿಮಿತ ತಪ್ಪಿ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಪೊಲೀಸರ ಕರ್ತವ್ಯ. ಯಾರನ್ನಾದರೂ ಕರೆದೊಯ್ಯುವ ಮುನ್ನ ಠಾಣೆಗೆ ತಿಳಿಸಿದರೆ ಮುಂದೆ ತೊಂದರೆಯಿಲ್ಲ.

ಐದನೆಯದು ಅತಿ ಸುಲಭ, ಖರ್ಚಿಲ್ಲದ್ದು. ಹೆಸರು ಕೇಳಿ. ಊರು, ತಂದೆಯ ಹೆಸರು, ಮಕ್ಕಳು ಎಲ್ಲಿದ್ದಾರೆ, ಸತ್ತರೆ ಯಾರಿಗೆ ತಿಳಿಸಬೇಕು, ಮಣ್ಣು ಕೊಡಬೇಕೋ ಬೆಂಕಿ ಕೊಡಬೇಕೋ, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದಿಡಿ. ಒಂದು ಪ್ರತಿ ಅವರ ಗಂಟಿನಲ್ಲಿ, ಒಂದು ನಿಮ್ಮ ಬಳಿ.

ಆರೈಕೆ ಮಾಡುವವರು ನೆನಪಿಡಿ

* ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗ ದಿನವೂ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ.

* ಕೊಳೆತ ಹುಣ್ಣಿನ ವಾಸನೆಗೆ ಮೆಟ್ರೊನಿಡಝೋಲ್ ಮಾತ್ರೆಯ ಪುಡಿ ಬಳಸುವ ಪದ್ಧತಿ ಇದೆ. ವೈದ್ಯರನ್ನೋ ನರ್ಸನ್ನೋ ಕೇಳಿ ಬಳಸಿ. ಹುಳುವಿದ್ದರೆ ನೀವೇ ಕೀಳಲು ಹೋಗಬೇಡಿ.

* ಅಗಿಯಲಾಗದವರಿಗೆ ರೊಟ್ಟಿ ಬೇಡ. ಅಂಬಲಿ, ಗಂಜಿ, ತೆಳು ಬೇಳೆಕಟ್ಟು ಸಾಕು. ಕೂರಿಸಿ, ಚಮಚದಿಂದ, ನಿಧಾನವಾಗಿ.

* ಬಾಯಿಯನ್ನು ಮೆತ್ತನೆ ಬಟ್ಟೆಯಿಂದ, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ನಾಲ್ಕು ಬಾರಿ ಒರೆಸಿ.

* ಉಬ್ಬಸವಿದ್ದರೆ ದಿಂಬು ಒರಗಿಸಿ ಕೂರಿಸಿ. ಮುಖಕ್ಕೆ ಗಾಳಿ ಬೀಸಿ. ಸುತ್ತ ಜನ ಗುಂಪುಗೂಡದಿರಲಿ.

* ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಸುರಿಯುವ ರೂಢಿ ನಮ್ಮಲ್ಲಿದೆ. ಅದು ಶ್ವಾಸಕ್ಕೆ ಹೋಗುತ್ತದೆ. ಹತ್ತಿಯಿಂದ ತುಟಿ ಒದ್ದೆ ಮಾಡಿದರೆ ಸಾಕು. ಗಂಟಲಲ್ಲಿ ಗೊರಗೊರ ಸದ್ದಿದ್ದರೆ ಮಗ್ಗುಲಾಗಿ ಮಲಗಿಸಿ.

* ನೋವಿದೆಯೇ ಎಂದು ಕೇಳಿ. ಮಾತಾಡಲಾಗದಿದ್ದರೆ ಹುಬ್ಬು, ಮುಷ್ಟಿ ನೋಡಿ. ನೋವನ್ನು ಸಹಿಸಬೇಕಾದ್ದೇ ಎಂದುಕೊಳ್ಳಬೇಡಿ.

ರೋಗಿಯನ್ನು ಕಾಣಲು ಹೋಗುವುದು ನಮಗೆ ಹೊಸ ಪಾಠವೇನಲ್ಲ. ಇಯಾದತ್ ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಹಕ್ಕು ಎಂದು ಚಿಕ್ಕಂದಿನಿಂದ ಕಲಿತವರು ನಾವು. ನೆಂಟರ ಮನೆಗೆ ಸೇಬು, ಬ್ರೆಡ್ಡು ಹಿಡಿದುಕೊಂಡು ಹೋಗುತ್ತೇವೆ. ಬಸ್ ನಿಲ್ದಾಣದ ಮೂಲೆಯಲ್ಲಿರುವವರಿಗೂ ಆ ಹಕ್ಕಿದೆ ಎಂಬುದಷ್ಟೇ ಮರೆತುಹೋಗಿದೆ. ಝಕಾತಿನ ಹಕ್ಕುದಾರರ ಪಟ್ಟಿಯಲ್ಲಿ ಮಿಸ್ಕೀನರೂ ದಾರಿಹೋಕರೂ ಇದ್ದಾರೆ. ಮುಂದಿನ ರಮಝಾನಿನಲ್ಲಿ ಹಣ ಎಣಿಸುವಾಗ ಇವರನ್ನೂ ನೆನೆಯೋಣ.

ಆ ಅಜ್ಜಿಯ ಬಳಿಗೆ ಮರಳೋಣ. ನೀವು ಹೋಗಿ ಗಂಜಿ ಕುಡಿಸಿದ ಮಾತ್ರಕ್ಕೆ ಆಕೆ ಬದುಕಿ ಉಳಿಯುವುದಿಲ್ಲ. ಕ್ಯಾನ್ಸರ್ ಗುಣವಾಗುವುದಿಲ್ಲ, ಮಗ ಹಿಂತಿರುಗದೆಯೂ ಇರಬಹುದು. ಆದರೆ ಕೊನೆಯ ವಾರಗಳಲ್ಲಿ ಆಕೆ ನಿದ್ರಿಸಬಹುದು. ಹುಣ್ಣಿನ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದವರು ಹತ್ತಿರ ಬಂದು ಕೂರಬಹುದು. ಒಂದು ಬೆಳಿಗ್ಗೆ ಆಕೆ ಇಲ್ಲವಾದಾಗ ಮೊಹಲ್ಲಾದ ಯುವಕರು ಎಂದಿನಂತೆ ಓಡಿ ಬರುತ್ತಾರೆ, ಕಫನ್ ತರುತ್ತಾರೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ಆ ನಾಲ್ಕು ಸಾಲಿನ ಸುದ್ದಿ ಇರುವುದಿಲ್ಲ. ಏಕೆಂದರೆ ಆಕೆ ಅಪರಿಚಿತಳಲ್ಲ. ಆಕೆಯ ಹೆಸರು ನಿಮಗೆ ಗೊತ್ತಿರುತ್ತದೆ.